ಗುಳ್ಳೆ ಬರುತ್ತಿರಲಿ

ಅಕ್ಕನ ಮಗುವನ್ನು ನೋಡಿದರೆ ನನಗೆ ಮುದ್ದು ಉಕ್ಕುವುದಿಲ್ಲ, ಹೆದರಿಕೆಯಾಗುತ್ತದೆ. ಇದನ್ನು ನನಗೆ ನಾನೇ ಹೇಳಿಕೊಂಡಿದ್ದೇನೆ, ಬೇರೆ ಯಾರಿಗೂ ಹೇಳಿಲ್ಲ.

ದಿನ ತುಂಬುವ ಮೊದಲೇ ಹುಟ್ಟಿದ ಕೂಸು. ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದ್ದಾರೆ. ಉಸಿರಾಡುತ್ತಲೇ ಉಸಿರಾಡುವುದನ್ನು ಮರೆತುಬಿಡುತ್ತದೆ. ಎದೆ ಏಳುವುದಿಲ್ಲ, ತುಟಿ ನೀಲಿಯಾಗುತ್ತದೆ, ಯಂತ್ರ ಕಿರುಚುತ್ತದೆ. ನರ್ಸಮ್ಮ ಓಡಿಬಂದು ಅಂಗಾಲು ತಿಕ್ಕಿದರೆ ಮತ್ತೆ ಉಸಿರು. ಪ್ರತಿ ಸಲವೂ ಅಕ್ಕ ಗಾಜಿಗೆ ಹಣೆ ಒತ್ತಿ ನಿಲ್ಲುತ್ತಾಳೆ. ಅಳುವುದಕ್ಕೂ ಅವಳಲ್ಲಿ ತ್ರಾಣ ಉಳಿದಿಲ್ಲ.

ಉಸಿರು ನಿಲ್ಲದಿರಲೆಂದು ಕೊಡುತ್ತಿದ್ದ ಔಷಧಿಯೊಂದೇ ಸಾಲದೆಂದು ಮೂಗಿಗೆ ಎರಡು ಪುಟ್ಟ ಕೊಳವೆ ಹಾಕಿದರು. ಅವಕ್ಕೆ ಜೋಡಿಸಿದ ಒಂದು ಪೈಪು ಗಾಳಿ ತರುತ್ತದೆ. ಇನ್ನೊಂದರ ತುದಿ ನೀರಿನ ಬಾಟಲಿಯಲ್ಲಿ ಮುಳುಗಿರುತ್ತದೆ. ನೀರಿನಲ್ಲಿ ಸದಾ ಗುಳುಗುಳು ಗುಳ್ಳೆ.

ಭಾವನದು ಪಂಕ್ಚರ್ ಅಂಗಡಿ. ನೀರಿನಲ್ಲಿ ಗುಳ್ಳೆ ಎದ್ದರೆ ಅವರಿಗೆ ಗೊತ್ತಿರುವುದು ಒಂದೇ ಅರ್ಥ.

“ನೋಡಮ್ಮ, ಗಾಳಿ ಸೋರ್ತಿದೆ! ಇಷ್ಟು ದೊಡ್ಡ ಆಸ್ಪತ್ರೆ, ತೂತು ಬಿದ್ದ ಪೈಪು ಹಾಕಿದಾರೆ.”

“ಅಲ್ಲ ಭಾವ, ಅದು...” ಎಂದೆ. ನರ್ಸಮ್ಮ ನನಗೆ ವಿವರಿಸಿದ್ದರು. ಆದರೂ ಭಾವನಿಗೆ ಎದುರಾಡಲು ಹೆದರಿ ಅಷ್ಟಕ್ಕೇ ನಿಲ್ಲಿಸಿದೆ.

“ನೀನು ಪುಸ್ತಕ ಓದಿದೀಯ, ನಾನು ಟ್ಯೂಬ್ ಓದಿದೀನಿ,” ಎಂದು ಭಾವ ಪೈಪಿನ ತುದಿಯನ್ನು ನೀರಿನಿಂದ ಮೇಲಕ್ಕೆಳೆದರು. ಗುಳ್ಳೆ ನಿಂತಿತು. “ಹಾಂ, ಈಗ ಸರಿಹೋಯ್ತು.”

ಸ್ವಲ್ಪ ಹೊತ್ತಿಗೆ ಮಗುವಿನ ಉಸಿರೂ ನಿಂತಿತು.

ನರ್ಸಮ್ಮ ಓಡಿಬಂದು ಪೈಪಿನ ತುದಿಯನ್ನು ಮತ್ತೆ ನೀರಿಗಿಳಿಸಿದರು. ಅಂಗಾಲು ತಿಕ್ಕಿದರು. ಉಸಿರು ಬರಲಿಲ್ಲ. ಪುಟ್ಟ ಮಾಸ್ಕ್ ಹಿಡಿದು ಗಾಳಿಚೀಲ ಒತ್ತಬೇಕಾಯಿತು. ಕೊನೆಗೆ ಬಂತು.

“ಏನಪ್ಪಾ,” ನರ್ಸಮ್ಮ ಭಾವನ ಕಡೆ ತಿರುಗಿದರು, “ಗಾಳಿ ಪೂರ್ತಿ ಇಳಿದ ಟ್ಯೂಬು ಒಳಗೇ ಅಂಟ್ಕೊಳ್ಳಲ್ವಾ? ಈ ಕೂಸಿನ ಶ್ವಾಸಕೋಶನೂ ಹಾಗೇನೇ. ಅಂಟದ ಹಾಗೆ ಒಂದಿಷ್ಟು ಗಾಳಿ ಯಾವಾಗ್ಲೂ ಒಳಗಿರಬೇಕು. ಆ ನೀರು ಅದನ್ನ ತಡೆದು ಹಿಡಿಯುತ್ತೆ. ಗುಳ್ಳೆ ಬರ್ತಿದ್ರೆ ಒಳ್ಳೇದು. ನಿಂತ್ರೆ ನಮ್ಮನ್ನ ಕೂಗಿ.”

“ಎಲ್ಲೀವರೆಗೆ?” ಅಕ್ಕ ಕೇಳಿದಳು.

“ಮೆದುಳು ಬಲಿತು ತಾನೇ ಉಸಿರಾಡೋವರೆಗೆ ಈ ಆಸರೆ ಬೇಕಮ್ಮ. ಕೆಲವು ಮಕ್ಕಳಿಗೆ ಇದೂ ಸಾಲಲ್ಲ.”

ಭಾವ ಗೋಡೆಗೊರಗಿ ಕುಸಿದರು. “ಸಾಕು, ಮನೆಗೆ ಕರ್ಕೊಂಡು ಹೋಗೋಣ. ಉಳಿಯದೇ ಇರೋದಾದ್ರೆ ಯಾಕೆ ಇಷ್ಟು ಹಿಂಸೆ? ತಾಯಿ ಮಡಿಲಲ್ಲೇ ಹೋಗಲಿ.”

ಅಕ್ಕ ಮತ್ತೆ ಗಾಜಿಗೆ ಹಣೆ ಒತ್ತಿದಳು.

ನಾವು ಮನೆಗೆ ಹೋಗಲಿಲ್ಲ. ಮಗು ಇನ್ನೂ ಒಳಗೇ ಇದೆ. ಇವತ್ತೂ ಉಸಿರು ನಿಂತಿತ್ತು. ಅಕ್ಕ, ಭಾವ ಸರದಿಯ ಮೇಲೆ ಕೂತು ಬಾಟಲಿ ಕಾಯುತ್ತಾರೆ. ಓದುತ್ತಿರುವ ಅಣ್ಣ, ಅಕ್ಕಂದಿರೇ, ನಿಮ್ಮ ಮನೆಯ ಕೂಸಿಗೂ ಇಂಥ ಕೊಳವೆ ಹಾಕಿದ್ದರೆ ನೀವಾಗಿ ಮುಟ್ಟಬೇಡಿ, ಎಳೆಯಬೇಡಿ. ಅರ್ಥವಾಗದ್ದನ್ನು ನಾಚದೆ ಕೇಳಿ. ಕೈಸೋತು ಅರ್ಧದಲ್ಲೇ ಕರೆದೊಯ್ಯಬೇಡಿ. ಅವತ್ತು ನಾವೂ ಹೊರಟೇಬಿಟ್ಟಿದ್ದೆವು. ಅಷ್ಟರಲ್ಲಿ ಭಾವ ನನ್ನ ಕಡೆ ತಿರುಗಿ ಕೇಳಿದರು:

“ನೀನಾದ್ರೂ ಹೇಳು. ಈ ಕೊಳವೆ ಇಟ್ಟರೆ ಮಗು ಉಳಿಯುತ್ತಾ?”

ಉಳಿಯುತ್ತೆ ಎಂಬ ಸಮಾಧಾನ ನಾಲಿಗೆ ತುದಿಗೆ ಬಂತು. ನುಂಗಿಕೊಂಡೆ.

“ಗೊತ್ತಿಲ್ಲ ಭಾವ,” ಎಂದೆ, ವಾರ್ಡಿಗೆಲ್ಲ ಕೇಳುವಷ್ಟು ಜೋರಾಗಿ. “ತೆಗೆದ್ರೆ ಮಾತ್ರ ಉಳಿಯಲ್ಲ.”