ಕಷ್ಟಕ್ಕೆ ಶೇಕಡ ಎಷ್ಟು

ಅಮೆರಿಕದ ಟೊಲಿಡೊದ ಒಂದು ಶಸ್ತ್ರವೈದ್ಯರ ಕಚೇರಿಯಲ್ಲಿ ನೋರೀನ್ ಟಾಲ್ಬರ್ಟ್ ಹತ್ತೊಂಬತ್ತು ವರ್ಷದಿಂದ ಬಿಲ್ಲು ಬರೆಯುತ್ತಿದ್ದಳು. ಪ್ರತಿ ಆಪರೇಷನ್ನಿಗೂ ಒಂದು ಸಂಖ್ಯೆ, ಸಂಖ್ಯೆಗೊಂದು ದರ; ಅದರಲ್ಲಿ ಅವಳ ಕೈ ತಪ್ಪಿದ್ದಿಲ್ಲ. ಕೆಲಸ ಎಂದಿಗಿಂತ ತೀರಾ ಕಷ್ಟವಾಗಿದ್ದರೆ ದರ ಏರಿಸಿ, ವಿಮೆಯವರಿಗೆ ಕಾರಣ ಬರೆಯಬಹುದಿತ್ತು. ಎಷ್ಟು ಏರಿಸಬೇಕೆಂದು ಮಾತ್ರ ಯಾವ ಪುಸ್ತಕವೂ ಹೇಳುತ್ತಿರಲಿಲ್ಲ.

ಒಂದು ಸೋಮವಾರ ಅವಳ ಮುಂದೆ ಬಂದದ್ದು ಗ್ರೇಡಿ ಎಂಬ ಮುದುಕನ ಕಾಗದ. ಗಾಜಿನ ಕಾರ್ಖಾನೆಯಿಂದ ನಿವೃತ್ತನಾದವನು. ಅವನ ಪಿತ್ತಕೋಶ ತೆಗೆಯುವ ಒಂದು ಗಂಟೆಯ ಕೆಲಸ ನಾಲ್ಕು ಗಂಟೆ ಹಿಡಿದಿತ್ತು. ಆಪರೇಷನ್ ಮಾಡಿದ ಡಾಕ್ಟರ್ ಕಿಂಬಲ್ ರೋರ್ಕ್ ಬರೆಸಿದ್ದು ಒಂದೇ ಸಾಲು: "ಬಹಳ ಕಷ್ಟವಾಯಿತು, ಶೇಕಡ ಐವತ್ತು ಹೆಚ್ಚಿಸಿ."

ನೋರೀನ್ ಕಾಗದ ಹಿಡಿದು ರೋರ್ಕ್‌ನ ಕೋಣೆಗೆ ಹೋದಳು. ಅವನು ನಿಂತುಕೊಂಡೇ ಸ್ಯಾಂಡ್‌ವಿಚ್ ತಿನ್ನುತ್ತಿದ್ದ.

"ಕಷ್ಟ ಅಂದ್ರೆ ಏನು ಡಾಕ್ಟ್ರೇ? ವಿಮೆಯವ್ರು ಕೇಳ್ತಾರೆ."

"ಹಳೇ ಎರಡು ಆಪರೇಷನ್ ಆಗಿತ್ತಲ್ಲ, ಕರುಳೆಲ್ಲ ಯಕೃತ್ತಿಗೆ ಅಂಟ್ಕೊಂಡಿತ್ತು. ಬಿಡಿಸೋಕೇ ಒಂದೂವರೆ ಗಂಟೆ ಬೇಕಾಯ್ತು."

"ಉಳಿದದ್ದು?"

ರೋರ್ಕ್ ಸ್ಯಾಂಡ್‌ವಿಚ್ ಕೆಳಗಿಟ್ಟ. "ರಕ್ತ ಹೋಯ್ತು. ನಿಲ್ಲಿಸೋಕೆ ಒಂದು ಗಂಟೆ ಮೇಲಾಯ್ತು."

"ಯಾಕೆ ಹೋಯ್ತು?"

"ರಕ್ತನಾಳ ಅಂಟಿದ್ದಕ್ಕೆ ಹರೀತೋ, ನಾನು ಹರಿದೆನೋ, ನಿಜವಾಗ್ಲೂ ಗೊತ್ತಿಲ್ಲ, ನೋರೀನ್."

ರೋಗಿಯ ದೇಹ ಕೊಟ್ಟ ಕಷ್ಟಕ್ಕೆ ಹಣ ಕೇಳಬಹುದು. ವೈದ್ಯನ ಕೈ ಮಾಡಿದ ಕಷ್ಟಕ್ಕೆ ಹೇಗೆ ಕೇಳುವುದು? ಅರಿವಳಿಕೆಯ ವೈದ್ಯೆ ನಿಮಿಷ ನಿಮಿಷಕ್ಕೂ ಬರೆದ ಹಾಳೆಯನ್ನು ತರಿಸಿ ಇಬ್ಬರೂ ಕುಳಿತು ನೋಡಿದರು. ಕರುಳು ಬಿಡಿಸುವ ಕೆಲಸ ಮುಗಿಯುವ ಐದು ನಿಮಿಷ ಮೊದಲು ರಕ್ತದೊತ್ತಡ ಕುಸಿದಿತ್ತು. ರಕ್ತ ಹರಿಯತೊಡಗಿದ್ದು ಬಿಡಿಸುವಾಗಲೇ; ಅಂಟಿನಿಂದ ಹರಿಯಿತೋ, ಕೈಯಿಂದಲೋ ಎಂಬ ಗೋಜಲು ಇನ್ನಷ್ಟು ಹೆಚ್ಚಿತು.

"ಈಗ ಏನ್ಮಾಡೋಣ?" ಎಂದ ರೋರ್ಕ್.

"ನನ್ನ ಕೇಳಿದ್ರೆ? ಹೊಟ್ಟೆ ಒಳಗಿದ್ದೋರು ನೀವು!"

ಅವನು ನಕ್ಕ, ನಗು ಅರ್ಧಕ್ಕೇ ನಿಂತಿತು. ಕೊನೆಗೆ ಅಂಟು ಬಿಡಿಸಿದ ಒಂದೂವರೆ ಗಂಟೆಗೆ ಮಾತ್ರ ಶೇಕಡ ಮೂವತ್ತು ಕೇಳುವುದೆಂದು ಒಪ್ಪಿದರು. ರಕ್ತ ಹೋದದ್ದನ್ನೂ ಸ್ಪಷ್ಟವಾಗಿ ಬರೆದು, ಅದಕ್ಕೆ ಏನೂ ಕೇಳಲಿಲ್ಲ. ಮೂವತ್ತೇ ಏಕೆ, ಇಪ್ಪತ್ತೈದು ಏಕಲ್ಲ ಎಂದು ಇಬ್ಬರಿಗೂ ಹೇಳಲಾಗುತ್ತಿರಲಿಲ್ಲ.

"ಗ್ರೇಡಿಯವ್ರಿಗೆ ರಕ್ತದ ವಿಷಯ ಹೇಳಿದೀರಾ?" ಎಂದು ನೋರೀನ್ ಬಾಗಿಲ ಬಳಿ ನಿಂತು ಕೇಳಿದಳು.

"ಸ್ವಲ್ಪ ಹೋಯ್ತು ಅಂದೆ."

ಅವಳು ಬಾಗಿಲು ಬಿಟ್ಟು ಕದಲಲಿಲ್ಲ. ರೋರ್ಕ್ ಫೋನ್ ಎತ್ತಿಕೊಂಡ, ಗ್ರೇಡಿಯ ನಂಬರ್ ಒತ್ತಿ ಸ್ಪೀಕರ್ ಹಾಕಿದ. ಎಲ್ಲವನ್ನೂ ಹೇಳಿದ, ತನ್ನ ಅನುಮಾನವನ್ನೂ.

ಆ ಕಡೆಯಿಂದ ಗ್ರೇಡಿ ಕೇಳಿದ:

"ಅಂದ್ರೆ ತಪ್ಪು ನಿಮ್ದೋ, ನನ್ನ ಹೊಟ್ಟೇದೋ?"

"ಗೊತ್ತಿಲ್ಲ, ಮಿಸ್ಟರ್ ಗ್ರೇಡಿ. ಕ್ಷಮಿಸಿ."

"ಸರಿ ಬಿಡಿ. ಗೊತ್ತಿಲ್ಲ ಅಂದ ಮೊದಲನೇ ಡಾಕ್ಟ್ರು ನೀವು. ಹೊಲಿಗೆ ಯಾವತ್ತು ಬಿಚ್ತೀರಿ?"

ಆರು ವಾರದ ಮೇಲೆ ವಿಮೆಯವರ ಪತ್ರ ಬಂತು. ಶೇಕಡ ಹದಿನೆಂಟು ಹೆಚ್ಚಿಗೆ ಕೊಟ್ಟಿದ್ದರು, ಕಾರಣ ಬರೆದಿರಲಿಲ್ಲ. ನೋರೀನ್ ಮೂರು ಸಲ ಓದಿದಳು, ಹಾಳೆ ತಿರುಗಿಸಿ ಹಿಂಬದಿಯನ್ನೂ ನೋಡಿದಳು. ಅಲ್ಲೇನೂ ಇರಲಿಲ್ಲ.