ನಾಲ್ಕು ಪಾಲಿನ ಕೇಕು, ಅದರಲ್ಲಿ ನನ್ನ ಪಾಲು

ಮತ್ತೆ ಉರುಳಿತು, ಈ ಮೂರನೆಯ ಮೊಟ್ಟೆಗೆ ಒಂದು ಕಡೆ ನಿಲ್ಲುವ ಯೋಗವೇ ಇಲ್ಲ, ತಕ್ಕಡಿ ತುಸು ಅಲುಗಿದರೂ ತಟ್ಟೆಯ ಅಂಚಿಗೆ ಓಡುತ್ತದೆ — ಮರಿವೋನ್ ಬಟ್ಟೆಯೊಂದನ್ನು ಮಡಚಿ ಹಾಕುತ್ತಿದ್ದಳು, ಹೌದು, ನೀಲಿ ಗೆರೆಯ ಒರೆಸುವ ಬಟ್ಟೆ, ಎರಡೂ ತಟ್ಟೆಗೆ ಒಂದೊಂದು, ಅಂದರೆ ಅವಳು ತೂಗುತ್ತಿದ್ದದ್ದು ಚಿಪ್ಪಿನ ಸಮೇತವೇ, ಒಡೆದು ಸುರಿದ ಮೊಟ್ಟೆಗೆ ಬಟ್ಟೆ ಯಾಕೆ ಬೇಕು, ಸದ್ಯ, ಒಂದು ಗಂಟು ಬಿಚ್ಚಿತು. ಒಂದು ತಟ್ಟೆಯಲ್ಲಿ ಮೊಟ್ಟೆ, ಇನ್ನೊಂದರಲ್ಲಿ ಬೆಣ್ಣೆ, ಮುಳ್ಳು ನಡುವೆ ನಿಂತರೆ ಬೆಣ್ಣೆ ತೆಗೆದು ಸಕ್ಕರೆ, ಸಕ್ಕರೆ ತೆಗೆದು ಹಿಟ್ಟು, ತೂಕದ ಕಲ್ಲೇ ಬೇಡ, ಮೊಟ್ಟೆಯೇ ಕಲ್ಲು, ನಾಲ್ಕೂ ಸಮಪಾಲು, ಅದಕ್ಕೇ ಇದು ನಾಲ್ಕು ಪಾಲಿನ ಕೇಕು, ಬರೆದಿಡೋಕೆ ಇದ್ರಲ್ಲೇನಿದೆ ಮಾರಾಯ, ಅನ್ನುತ್ತಿದ್ದಳು ನನ್ನ ಹೆಂಡತಿ ಮರಿವೋನ್, ಬರೆದಿಡಲೂ ಇಲ್ಲ, ಹೋಗಿಬಿಟ್ಟಳು, ನಾಳೆಗೆ ವರ್ಷ. ನಾಳೆ ಇಗರ್ಜಿಯಲ್ಲಿ ಅವಳ ಹೆಸರಿನ ಪೂಜೆ, ಪೂಜೆ ಮುಗಿಸಿ ಬಂದರಿನ ಜನವೆಲ್ಲ ಕಾಫಿಗೆ ನಮ್ಮ ಮನೆಗೆ ಬರುತ್ತಾರೆ, ಕಾಫಿಯ ಜೊತೆಗೆ ಆ ಮನೆಯ ಒಲೆಯಲ್ಲೇ ಬೆಂದ ಕೇಕು ಇರಬೇಕು, ಅದು ಇಲ್ಲಿನ ರೀತಿ. ಮಣ್ಣು ಮಾಡಿದ ದಿನ ಇರಲಿಲ್ಲ. ಅವತ್ತು ಯಾರೋ ಪ್ಲಾಸ್ಟಿಕ್ ಹಾಳೆ ಪರಪರ ಹರಿದು ಅಂಗಡಿ ಕೇಕು ಕೊಯ್ದರು, ಅವಳದೇ ಮೇಜು, ಅವಳದೇ ತಟ್ಟೆಗಳು, ತಿಂದವರೆಲ್ಲ ಚೆನ್ನಾಗಿದೆ ಅಂದರು, ನನಗೆ ತಲೆ ಎತ್ತಲಾಗಲಿಲ್ಲ. ಈ ಸಲ ಹಾಗಾಗಬಾರದು, ಅವಳ ಕೇಕು ಅವಳ ಮೇಜಿನ ಮೇಲಿರಬೇಕು, ಬೇರೇನೂ ನನಗೆ ಬೇಡ.

ಬೆಳಿಗ್ಗೆ ಫೋನಿನಲ್ಲಿ ಒಡೆಟ್, ಮರಿವೋನಳ ಅಕ್ಕ, ನೀನಾ ಕೇಕ್ ಮಾಡೋದು ಗುಲ್ವೆನ್, ಆಯುಷ್ಯವೆಲ್ಲ ಸಿಗಡಿ ಹಿಡಿದೋನು, ಮೊಟ್ಟೆ ಒಡೆಯೋಕೆ ಸುತ್ತಿಗೆ ತಗೊಂಡೀಯ ಜೋಕೆ, ಇಲ್ಲಿ ಕೇಳು, ಬೇಕಿಂಗ್ ಪೌಡರ್ ಒಂದು ಪೊಟ್ಟಣ ಸುರಿದುಬಿಡು, ತಾನಾಗೇ ಉಬ್ಬುತ್ತೆ, ಯಾರಿಗೆ ಗೊತ್ತಾಗುತ್ತೆ. ಮರಿವೋನಳಿಗೆ ಗೊತ್ತಾಗುತ್ತೆ ಅಂದೆ. ಆ ಕಡೆ ಮೂಗು ಸೀಟಿದ ಸದ್ದು, ಸರಿ ಹಾಗಾದ್ರೆ, ಸಂಜೆ ಬಂದು ನೋಡ್ತೀನಿ, ಇಟ್ಟಿಗೆ ಆಗಿದ್ರೆ ಅಂಗಡಿ ಮುಚ್ಚೋದ್ರೊಳಗೆ ಎರಡು ಕೊಂಡು ತರ್ತೀನಿ. ಇಟ್ಟಿಗೆಯ ಭಯ ನನಗೂ ಇದೆ. ಪೌಡರ್ ಹಾಕೋರು ತೋಳಿಲ್ಲದೋರು, ಅಂತ ಮರಿವೋನ್ ಅಕ್ಕನ ಮುಖದ ಮುಂದೆಯೇ ಅನ್ನುತ್ತಿದ್ದಳು, ಈ ಕೇಕು ಉಬ್ಬುವುದು ಬೆಣ್ಣೆ ಸಕ್ಕರೆ ಬಡಿಯುವಾಗ ಒಳಗೆ ಸಿಕ್ಕಿಕೊಂಡ ಗಾಳಿಯಿಂದ, ಆ ಬಡಿಯುವುದು ನನ್ನ ಕೆಲಸ, ಮದುವೆಯಾದ ವರ್ಷದಿಂದ ಅದೊಂದೇ ನನ್ನ ಕೆಲಸ, ಅದು ಮುಗಿದರೆ ಬಟ್ಟಲು ಅವಳ ಕೈಗೆ, ನಾನು ಹಿತ್ತಲ ಮೆಟ್ಟಿಲಿಗೆ, ಸಿಗರೇಟು ಹಚ್ಚಿ ಕೂತರೆ ಬೆನ್ನ ಹಿಂದೆ ಮೊಟ್ಟೆ ಒಡೆಯುವ ಟಕ್, ಜರಡಿ ಅಲ್ಲಾಡುವುದು, ಟಿನ್ನನ್ನು ಮೇಜಿಗೆ ಎರಡು ಸಲ ಕುಟ್ಟುವುದು, ಓವನ್ನಿನ ಬಾಗಿಲು, ಇಷ್ಟೆಲ್ಲ ಕಿವಿಗೆ ಗೊತ್ತು, ಕಣ್ಣಿಗೆ ಗೊತ್ತಿಲ್ಲ. ಬೆನ್ನು ಹಾಕಿ ಕೂತು ಕಲಿತ ಅಡುಗೆ ನನ್ನದು, ಅದನ್ನು ನಂಬಿ ಊರನ್ನು ಕರೆದಿದ್ದೇನೆ.

ಬೆಣ್ಣೆ, ಉಪ್ಪಿನ ಹರಳು ಮಿನುಗುವ ನಮ್ಮ ಕಡೆಯ ಬೆಣ್ಣೆ, ಬೆಳಿಗ್ಗೆಯೇ ಕಿಟಕಿಯ ಬಿಸಿಲಿಗೆ ತೆಗೆದಿಡಬೇಕಿತ್ತು, ಮರೆತೆ, ಆಮೇಲೆ ಒಲೆಯ ಪಕ್ಕ ಇಟ್ಟೆ, ಒಂದು ಮಗ್ಗುಲು ಎಣ್ಣೆ, ಇನ್ನೊಂದು ಮಗ್ಗುಲು ಕಲ್ಲು, ಇರಲಿ, ಸೌಟಿಗೆ ಸಿಕ್ಕಿದರೆ ಎಲ್ಲ ದಾರಿಗೆ ಬರುತ್ತದೆ, ಸಕ್ಕರೆ ಸುರಿದೆ, ಬಟ್ಟಲನ್ನು ಹೊಟ್ಟೆಗೆ ಒತ್ತಿ ಹಿಡಿದೆ, ಬಲಗೈಯಲ್ಲಿ ಮರದ ಸೌಟು, ಕರಕರ, ಕರಕರ, ಈ ಸದ್ದು ಗೊತ್ತು, ಇಲ್ಲಿ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಭುಜ ಕಟಕಟ ಅನ್ನುತ್ತದೆ, ಆದರೂ ತೋಳು ಸುತ್ತು ಮರೆತಿಲ್ಲ. ದೋಣಿ ದಡಕ್ಕೆ ಬಂದ ದಿನವೇ ಕೇಕು, ದೋಣಿ ಕಡಲಲ್ಲಿದ್ದರೆ ಕೇಕಿಲ್ಲ, ಎರಡು ವಾರವಾದರೂ ಇಲ್ಲ, ಮಗಳು ಗ್ವೆನ್ ಶಾಲೆಯಿಂದ ಬರುವಾಗ ಓಣಿಯ ತಿರುವಿನಲ್ಲೇ ಮೂಗೆತ್ತಿ, ಅಪ್ಪ ಬಂದಿದಾರೆ, ಅಂತ ಕೂಗುತ್ತ ಓಡಿ ಬರುವಳು, ಬಾಗಿಲಲ್ಲಿ ನನ್ನ ಬೂಟು ಕಂಡು ಅಲ್ಲ, ಬೆಣ್ಣೆ ಬೇಯುವ ಘಮ ಹಿಡಿದು, ಆ ಕೂಗಿಗೆಂದೇ ನಾನು ಮೆಟ್ಟಿಲಲ್ಲಿ ಕಾದು ಕೂರುತ್ತಿದ್ದೆ, ಆಮೇಲೆ ಕೇಕಿನ ತುದಿಗಾಗಿ ಅಪ್ಪ ಮಗಳ ಜಗಳ, ಗರಿಗರಿಯಾದ ಕಂದು ತುದಿ, ಮರಿವೋನ್ ಚಾಕು ಹಿಡಿದು ನ್ಯಾಯ ಹೇಳುವಳು, ತುದಿ ಎರಡಿದೆ, ಬುದ್ಧಿ ಮಾತ್ರ ಇಬ್ಬರಿಗೂ ಸೇರಿ ಒಂದೂ ಇಲ್ಲ. ಎಂಥ ಸುಖದ ಕಾಲ ಅದು, ಆಗ ಸುಖ ಅಂತ ಅನ್ನಿಸಲೂ ಇಲ್ಲ, ಮುಂದಿನ ಸಲ ಎಷ್ಟು ಸಿಗಡಿ ಬೀಳುತ್ತದೋ ಅನ್ನುವ ಚಿಂತೆಯಲ್ಲೇ ತಿಂದು ಮುಗಿಸಿದೆ. ಇವತ್ತು ಟಿನ್ನು ಹುಡುಕುವಾಗ ಕಪಾಟಿನ ಹಿಂದೆ ಆ ಪೆಟ್ಟಿಗೆ ಸಿಕ್ಕಿತು, ಕರೆಂಟಿನ ಬೀಟರ್, ಒಡೆಟ್ ಯಾವುದೋ ಕ್ರಿಸ್ಮಸ್ಸಿಗೆ ಕೊಟ್ಟದ್ದು, ಅಂಟುಪಟ್ಟಿ ಕೂಡ ಕಿತ್ತಿಲ್ಲ. ಅದನ್ನು ಬಳಸಿದ್ದರೆ ಅವಳು ದೋಣಿ ಕಾಯಬೇಕಿರಲಿಲ್ಲ, ಬೇಕಾದ ದಿನ ಮಾಡಬಹುದಿತ್ತು — ಒಮ್ಮೆ ಕೇಳಿದ್ದೆ, ಆ ಯಂತ್ರದ ಗಲಾಟೇಲಿ ಮಾತು ಕೇಳ್ಸಲ್ಲ ಕಣೋ, ಅಂದಳು, ಯಾರ ಮಾತು ಅಂತ ನಾನು ಕೇಳಲಿಲ್ಲ.

ಕರಕರ ನಿಂತಿದೆ, ಸೌಟು ಮೆತ್ತಗೆ ತಿರುಗುತ್ತಿದೆ, ಹಳದಿ ಬಿಳಿಯ ಕಡೆಗೆ ಹೋಗುತ್ತಿದೆ — ಇಷ್ಟು ಸಾಕೇ. ಸಾಕೇ ಅಂತ ನಾನು ಯಾವತ್ತೂ ನೋಡಿದವನಲ್ಲ, ಅವಳೇ ಬಂದು ತೋರುಬೆರಳನ್ನು ಬಟ್ಟಲಿಗೆ ಅದ್ದುವಳು, ಬೂತಾಯಿ ಮೀನು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ಕತ್ತರಿ ತಗುಲಿ ಉಗುರು ಅರ್ಧ ಹೋದ ಬೆರಳು, ಅದ್ದಿ, ನೆಕ್ಕಿ, ಸಾಕು ಬಿಡು, ಅನ್ನುವಳು, ಅಷ್ಟೇ, ಬಣ್ಣ ನೋಡಿಯೋ ರುಚಿ ನೋಡಿಯೋ ನನಗೇನು ಗೊತ್ತು. ಕಡಿಮೆಯಾದರೆ ಇಟ್ಟಿಗೆ, ಅತಿಯಾದರೆ ಬೆಣ್ಣೆ ಒಡೆದು ಎಣ್ಣೆ ಬಿಡುತ್ತದೆ, ಸಂಜೆ ಒಡೆಟ್ ಬಾಯಿ ಸೊಟ್ಟ ಮಾಡಿಕೊಂಡು ಅಂಗಡಿಗೆ ಹೊರಡುತ್ತಾಳೆ. ಕೆಲವು ಸಲ ಬೇಗ ಬರುತ್ತಿತ್ತು ಬೆರಳು, ಕೆಲವು ಸಲ ತೋಳು ಬಿದ್ದುಹೋದರೂ ಬರುತ್ತಿರಲಿಲ್ಲ, ನಮ್ಮ ದೋಣಿಯ ಜೊತೆಗಾರ ಫಾಂಚ್ ಬಲೆಯ ಜೊತೆ ನೀರಿಗೆ ಹೋದ ಚಳಿಗಾಲ, ಅವನು ಕೂಗಿದ್ದು, ನಾವು ಬೆಳಗಾಗುವವರೆಗೆ ಸುತ್ತು ಹಾಕಿದ್ದು, ಎಲ್ಲ ನಾನು ಹೇಳಿ ಮುಗಿಸುವ ತನಕ ಬರಲೇ ಇಲ್ಲ. ಮನೆಯಲ್ಲಿ ಬಾಯಿ ಬಿಡದ ಪ್ರಾಣಿ ನಾನು, ಕೈ ಓಡುವಾಗ ಮಾತ್ರ ಬಾಯಿಯೂ ಓಡುತ್ತಿತ್ತು, ಶುರು ಮಾಡಿಸುವವಳು ಅವಳು, ಗಾಳಿ ಯಾವ ಕಡೇದಿತ್ತು, ಅಂತ ಕೇಳುವಳು, ನಾನು ಗಾಳಿಯಿಂದ ಹಿಡಿದು ಹರಿದ ಬಲೆ, ಕೆಟ್ಟ ಎಂಜಿನ್ನು, ಹೆದರಿದ್ದು, ಎಲ್ಲ ಹೇಳಿ, ಇನ್ನು ಹೇಳಲು ಏನೂ ಉಳಿಯದೆ ಸುಮ್ಮನಾದಾಗ — ಆಗ, ಆಗ ಬೆರಳು. ಅಯ್ಯೋ ಮರಿವೋನ್, ನೀನು ನೋಡುತ್ತಿದ್ದದ್ದು ಬೆಣ್ಣೆಯನ್ನಲ್ಲ. ಭುಜ ಉರಿಯುತ್ತಿದೆ, ಬಾಯಿ ಮುಚ್ಚಿಕೊಂಡು ಬಡಿಯುತ್ತಿದ್ದೇನೆ, ವರ್ಷದಿಂದ ಬಾಯಿ ಮುಚ್ಚಿಕೊಂಡೇ ಇದ್ದೇನೆ, ಒಳಗೆ ಉಳಿದದ್ದು ಒಂದೇ ಮಾತು, ಆಸ್ಪತ್ರೆಯ ಆ ಮಧ್ಯಾಹ್ನ, ತೆರೆಯಲು ಬಾರದ ಗಾಜಿನ ಕಿಟಕಿ, ನೀನು ಕಣ್ಣು ಬಿಟ್ಟು, ಗಾಳಿ ಯಾವ ಕಡೇದು ಗುಲ್ವೆನ್, ಅಂತ ಕೇಳಿದೆ, ತಡಿ, ನೋಡ್ಕೊಂಡು ಬರ್ತೀನಿ, ಅಂತ ನಾನು ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದು ಓಡಿದೆ, ನಿಂತ ಕಾರುಗಳ ನಡುವೆ ಮುಖ ಎತ್ತಿ ನಿಂತೆ, ಮೇಲೆ ಬರುವಷ್ಟರಲ್ಲಿ ನರ್ಸು ನಿನ್ನ ಕಣ್ಣು ಮುಚ್ಚಿ ಹೊದಿಕೆ ಸರಿಮಾಡುತ್ತಿದ್ದಳು. ಆಗಲೂ ಸಿಗರೇಟು ಸೇದೋಕೆ ಹೋಗಿದ್ದ ಮಹಾರಾಯ, ಅಂತ ಒಡೆಟ್ ಊರಿಗೆಲ್ಲ ಹೇಳಿದಳು, ನಾನು ಅಲ್ಲ ಅನ್ನಲಿಲ್ಲ, ಮಗಳಿಗೂ ಹೇಳಲಿಲ್ಲ, ಕೇಳಿದವಳು ನೀನು, ಉತ್ತರ ಬೇರೆಯವರಿಗೆ ಯಾಕೆ. ಕೈ ನಿಲ್ಲಿಸದೆ, ಬಟ್ಟಲಿನ ಮೇಲೆ ಬಾಗಿ, ಬಾಯಿ ಬಿಟ್ಟು ಹೇಳುತ್ತೇನೆ, ಈಶಾನ್ಯದ್ದು ಮರಿವೋನ್, ಈಶಾನ್ಯದ ಗಾಳಿ, ಒಣಗಾಳಿ, ಆಕಾಶ ತೊಳೆದಿಟ್ಟ ಹಾಗಿತ್ತು, ನೀನು ಬಟ್ಟೆ ಒಣಗಿಸೋಕೆ ಇಷ್ಟಪಡ್ತಿದ್ದೆಯಲ್ಲ ಅಂಥ ಗಾಳಿ — ಅಷ್ಟೇ, ಮುಗಿಯಿತು, ಇನ್ನೇನೂ ಉಳಿದಿಲ್ಲ, ಬೆಣ್ಣೆ ಬೆಳ್ಳಗೆ ಹಗುರಾಗಿ ಸೌಟಿನ ಸುತ್ತ ನಿಂತಿದೆ, ನನ್ನ ಕೈ ನಿಂತಿದೆ, ಬಟ್ಟಲನ್ನು ಮುಂದಕ್ಕೆ ಚಾಚಿ ಹಿಡಿದಿದ್ದೇನೆ, ಅರ್ಧ ಉಗುರಿನ ನಿನ್ನ ಬೆರಳು, ಬಟ್ಟಲಿನ ಅಂಚಿನ ಮೇಲೆ, ಇನ್ನೂ ಅದ್ದಿಲ್ಲ, ಅರ್ಧ ಉಗುರಿನ ಆ ಬೆರಳು