ಹೊಗೆ ಕಾಣದ ಭಟ್ಟಿ

ಎಂಬತ್ತಾರು. ಬೆಳಿಗ್ಗೆಯಿಂದ ಪರದೆಯ ಮೇಲೆ ಆ ಅಂಕಿ ಅಲ್ಲೇ ಕಚ್ಚಿಕೊಂಡು ಕೂತಿತ್ತು, ನನ್ನ ತಲೆ ಕೆಟ್ಟುಹೋಗಿತ್ತು.

ನಮ್ಮ ಕಾರ್ಖಾನೆಯಲ್ಲಿ ಹೊಲದ ಕಡ್ಡಿ, ಮರದ ಚೂರುಗಳನ್ನು ಭಟ್ಟಿಯಲ್ಲಿ ಬೇಯಿಸಿ ಇಂಧನ ತೆಗೆಯುತ್ತೇವೆ. ಆಗ ಹುಟ್ಟುವ ಇಂಗಾಲದ ಡೈಆಕ್ಸೈಡನ್ನು ಹಿಡಿದು, ಒತ್ತಿ, ನೆಲದಾಳಕ್ಕೆ ಇಳಿಸುತ್ತೇವೆ. ನೂರರಲ್ಲಿ ತೊಂಬತ್ತು ಪಾಲು ಹಿಡಿದು ತೋರಿಸಬೇಕು. ಒಂದೇ ಒಂದು ಗಂಟೆ, ಬಿಡದೆ, ಅದೂ ಸಂಜೆ ಐದರೊಳಗೆ. ಇಲ್ಲದಿದ್ದರೆ ಬೆಳಿಗ್ಗೆಯೇ ಬಂದು ಕೂತಿರುವ ಪರೀಕ್ಷಕರು ಕಾರ್ಖಾನೆ ಮುಚ್ಚಿಸಿ ಹೋಗುತ್ತಾರೆ, ನಾವೆಲ್ಲ ಮನೆಗೆ. ಪಾಳಿಯ ಮೇಲ್ವಿಚಾರಕಿ ನಾನು. ಬೈಗುಳ ಮೊದಲು ಬೀಳುವುದು ನನಗೇ.

"ಎಲ್ಲೋ ಸೋರ್ತಿದೆ," ಎಂದೆ ಫಿಟ್ಟರನಿಗೆ.

"ಮೂರು ಸಲ ಸೋಪಿನ ನೀರು ಹಚ್ಚಿ ನೋಡ್ದೆ ಮೇಡಂ. ಒಂದು ಗುಳ್ಳೆನೂ ಏಳಲಿಲ್ಲ. ಇನ್ನು ನನ್ನನ್ನೇ ತೊಳೀಬೇಕಷ್ಟೆ."

ನಗುವ ಹೊತ್ತೇ ಅದು? ಕೂತಲ್ಲಿ ಕೂರಲಾಗದೆ ಪೈಪಿನ ಜಾಡು ಹಿಡಿದು ನಾನೇ ಹೊರಟೆ. ಭಟ್ಟಿಯ ಹಿಂದಿನ ಕಬ್ಬಿಣದ ಮೆಟ್ಟಿಲು ಹತ್ತಿದರೆ ಅಲ್ಲಿ ಅಪ್ಪ. ಮೂವತ್ತು ವರ್ಷ ಇದ್ದಿಲು ಸುಟ್ಟವನು. ಬೆಂಕಿಯ ನಾಡಿ ಬಲ್ಲವನೆಂದು ನಾನೇ ಹಟ ಹಿಡಿದು ಭಟ್ಟಿ ಕೆಲಸಕ್ಕೆ ಸೇರಿಸಿದ್ದೆ. ತುರ್ತಿಗೆಂದು ಮಾತ್ರ ಇಟ್ಟಿದ್ದ ಚಿಮಣಿ ವಾಲ್ವನ್ನು ತೆರೆದು, ಮೇಲೆ ಏಳುತ್ತಿದ್ದ ಹೊಗೆಯನ್ನು ಕಣ್ಣು ಕಿರಿದು ಮಾಡಿ ನೋಡುತ್ತಿದ್ದ.

"ಏನಪ್ಪಾ ಮಾಡ್ತಿದ್ದೀಯ?"

"ಹೊಗೆ ನೋಡ್ತಿದ್ದೀನಿ. ಬಿಳಿ ಇದ್ರೆ ಕಡ್ಡಿ ಹಸಿ, ನೀಲಿ ಆದ್ರೆ ಗಾಳಿ ಹೆಚ್ಚು. ಆಗಾಗ ಒಂಚೂರು ತೆಗೆದು ನೋಡ್ಕೋತೀನಿ."

"ಅದನ್ನೇ ಅಲ್ವಾ ನಾವು ಹಿಡೀಬೇಕಾಗಿರೋದು? ಬೆಳಿಗ್ಗೆಯಿಂದ ಎಲ್ಲರ ಹೊಟ್ಟೆ ಮೇಲೆ ಹೊಡೀತಿದ್ದೀಯಲ್ಲ!"

ಸಿಟ್ಟು ಬಂದರೆ ನನಗೆ ಅಪ್ಪ, ಅಮ್ಮ ಯಾರೂ ಕಾಣುವುದಿಲ್ಲ. ಕೆಳಗಿದ್ದವರಿಗೆಲ್ಲ ಕೇಳುವ ಹಾಗೆ ಬೈದೆ. ವಾಲ್ವು ಮುಚ್ಚಿ, ಸರಪಳಿ ಸುತ್ತಿ ಬೀಗ ಜಡಿದೆ. ಅವನು ಕೈ ಒರೆಸಿಕೊಂಡ.

ಐದಕ್ಕೆ ಹತ್ತು ನಿಮಿಷವಿರುವಾಗ ಗಂಟೆ ತುಂಬಿತು. ತೊಂಬತ್ತೊಂದು. ಪರೀಕ್ಷಕರು ಸಹಿ ಹಾಕಿದರು. ಎಲ್ಲರೂ ಕುಣಿಯುತ್ತಿದ್ದರೂ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಮತ್ತೆ ಮೆಟ್ಟಿಲು ಹತ್ತಿದೆ.

"ನಾಳೆಯಿಂದ ಬೇರೆಯವರನ್ನ ನಿಲ್ಸು," ಎಂದ ಅಪ್ಪ.

"ಕೋಪಾನಾ?"

"ನಿನ್ನ ಕೈಲಿ ಬೈಸ್ಕೊಳ್ಳೋದೇನು ಹೊಸದಾ? ಕೋಪ ಅಲ್ಲ. ಈ ಒಂದು ಗಂಟೆ ಹೊಗೆ ಕಾಣದೆ ಕುರುಡನ ಹಾಗೆ ನಿಂತಿದ್ದೆ."

"ಭಟ್ಟಿಯ ಮೀಟರು ನೋಡೋದು ಕಲಿಸ್ತೀನಿ ಕಣಪ್ಪ."

ಅವನು ಭಟ್ಟಿಯ ತಗಡಿನ ಮೇಲೆ ಅಂಗೈ ಇಟ್ಟ, ತೆಗೆದ.

"ಬೆಂಕಿ ಚೆನ್ನಾಗಿ ಉರೀತಿದೆಯಾ, ನೋಡಿ ಹೇಳು."

ಬೆಂಕಿ ಹೇಗಿದೆಯೆಂದು ಅಪ್ಪ ಯಾರನ್ನೂ ಕೇಳಿದ್ದನ್ನು ನಾನು ಕಂಡಿರಲಿಲ್ಲ. ಮೀಟರು ನೋಡಿ, ಚೆನ್ನಾಗಿದೆ ಎಂದೆ. ಅವನು ತಲೆಯಾಡಿಸಿ ಮೆಟ್ಟಿಲಿಳಿದ. ನನಗೆ ಅಳು ತಡೆಯಲಾಗಲಿಲ್ಲ.